ಎಷ್ಟು ಮುಯ್ಯಿ ಹಾಕಲಿ, ಸ್ವಾಮಿ?

ಭಾನುವಾರದ ಎರಡನೆಯ ಪೂಜೆ ಮುಗಿದಿತ್ತು. ಪೂಜಾವಸ್ತ್ರಗಳನ್ನು ಕಳಚಿಟ್ಟು ಹೊರಗೆ ಬಂದಾಗ ದೇವಾಲಯದ ಪಕ್ಕದ ಬೇವಿನ ಮರದ ಕೆಳಗೆ ಒಬ್ಬ ತಾಯಿ ನನಗಾಗಿ ಕಾದು ನಿಂತಿದ್ದರು. ನಮ್ಮ ಧರ್ಮಕೇಂದ್ರದವರೇ. ಪತಿ ಆಟೋ ಓಡಿಸುತ್ತಾರೆ, ಈಕೆ ಮನೆಯಲ್ಲಿಯೇ ಹೊಲಿಗೆ ಕೆಲಸ ಮಾಡುತ್ತಾರೆ, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಮಗುವಿಗೆ ಕಾಯಿಲೆಯೋ, ಮನೆಯಲ್ಲಿ ಮನಸ್ತಾಪವೋ, ಅಗಲಿದವರಿಗಾಗಿ ಪೂಜೆ ಹೇಳಿಸಲು ಬಂದಿದ್ದಾರೋ ಎಂದುಕೊಂಡು ಹತ್ತಿರ ಹೋದೆ. ಆಕೆ ಕೈಚೀಲದಿಂದ ಮೂರು ಲಗ್ನಪತ್ರಿಕೆಗಳನ್ನು ತೆಗೆದು ನನ್ನ ಮುಂದೆ ಹಿಡಿದರು.

"ಸ್ವಾಮಿ, ಒಂದೇ ತಿಂಗಳಲ್ಲಿ ಮೂರು ಮದುವೆ. ಇದೊಂದು ನಮ್ಮೆಜಮಾನರ ಅಣ್ಣನ ಮಗಳದು. ನಮ್ಮ ಮಗಳ ಮೊದಲ ಪರಮಪ್ರಸಾದಕ್ಕೆ ಅವರು ಎರಡು ಸಾವಿರ ಕೊಟ್ಟಿದ್ದರು. ಈಗ ನಾವೂ ಎರಡೇ ಸಾವಿರ ಹಾಕಿದರೆ ಅವರದನ್ನೇ ಅವರಿಗೆ ತಿರುಗಿಸಿಕೊಟ್ಟ ಹಾಗಾಗುತ್ತದೆ. ಐದು ಸಾವಿರ ಹಾಕೋಣವೆಂದರೆ ಓಲೆ ಅಡವಿಡಬೇಕು. ನೀವೇ ಹೇಳಿ, ಎಷ್ಟು ಮುಯ್ಯಿ ಹಾಕಲಿ?"

ಗುರುಮಠದಲ್ಲಿ ನನಗೆ ತತ್ವಶಾಸ್ತ್ರ ಕಲಿಸಿದರು, ದೈವಶಾಸ್ತ್ರ ಕಲಿಸಿದರು, ಧರ್ಮಸಭೆಯ ಕಾನೂನು ಕಲಿಸಿದರು. ವಿವಾಹ ಸಂಸ್ಕಾರದ ಬಗ್ಗೆಯಂತೂ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ಆದರೆ ಲಕೋಟೆಯೊಳಗೆ ಎಷ್ಟು ಇಡಬೇಕೆಂಬ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಬಂದಿರಲಿಲ್ಲ. ಉತ್ತರ ತಿಳಿಯದ ಗುರುಗಳು ಸಾಮಾನ್ಯವಾಗಿ ಹೇಳುವುದನ್ನೇ ನಾನೂ ಹೇಳಿದೆ: "ಪ್ರಾರ್ಥನೆ ಮಾಡಿ ತಾಯಿ, ದೇವರು ದಾರಿ ತೋರಿಸುತ್ತಾರೆ." ಆಕೆ ವಿನಯದಿಂದ ತಲೆಯಾಡಿಸಿ ಹೊರಟರು. ಗೇಟಿನ ಬಳಿ ಹೋಗುವಾಗ ಆಕೆಯ ಕೈ ತಾನಾಗಿಯೇ ಕಿವಿಯ ಓಲೆಯನ್ನು ಮುಟ್ಟಿ ನೋಡಿಕೊಂಡಿತು. ಅದನ್ನು ಕಂಡ ನನಗೆ ಅಂದಿನ ಮಧ್ಯಾಹ್ನದ ಊಟ ರುಚಿಸಲಿಲ್ಲ. ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಹುಡುಕುತ್ತಾ ಈ ಲೇಖನ ಬರೆಯುತ್ತಿದ್ದೇನೆ. ಇದು ಒಬ್ಬ ತಾಯಿಯ ಪ್ರಶ್ನೆಯಲ್ಲ, ನಿಮ್ಮ ಮನೆಯಲ್ಲಿಯೂ ಕಳೆದ ತಿಂಗಳು ಇದೇ ಚರ್ಚೆ ನಡೆದಿರಬಹುದು.

ಹಳೇ ಮೈಸೂರು ಸೀಮೆಯವರಿಗೆ ಮುಯ್ಯಿಯನ್ನು ಪರಿಚಯಿಸುವ ಅಗತ್ಯವಿಲ್ಲ. ಚಪ್ಪರದ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಉದ್ದನೆಯ ಪುಸ್ತಕ, ಮೊದಲ ಪುಟದ ನೆತ್ತಿಯಲ್ಲಿ ಒಂದು ಶಿಲುಬೆಯ ಗುರುತು, ಅದರ ಕೆಳಗೆ ಹೆಸರು, ಊರು, ಮೊತ್ತ. ಒಬ್ಬರು ಹಣ ಎಣಿಸಿಕೊಳ್ಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಮದುವೆ ಮುಗಿದ ಮೇಲೆ ಆ ಪುಸ್ತಕ ಜಮೀನಿನ ಪತ್ರಗಳ ಜೊತೆ ಪೆಟ್ಟಿಗೆ ಸೇರುತ್ತದೆ. ಮುಂದೆ ಯಾರ ಮನೆಯಿಂದ ಕರೆ ಬಂದರೂ ಪುಸ್ತಕ ಹೊರಗೆ ಬರುತ್ತದೆ. "ಅವರು ನಮಗೆ ಎಷ್ಟು ಹಾಕಿದ್ದರು, ನೋಡು."

ಇದನ್ನು ಕೇವಲ ವ್ಯಾಪಾರವೆಂದು ಹಗುರವಾಗಿ ಕಾಣುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಬಡ್ಡಿಯಿಲ್ಲದೆ, ಪತ್ರವಿಲ್ಲದೆ, ಜಾಮೀನಿಲ್ಲದೆ ಒಬ್ಬರಿಗೊಬ್ಬರು ಕೊಟ್ಟುಕೊಂಡ ಸಾಲವೇ ಮುಯ್ಯಿ. ಅಕ್ಕಿ, ಬೆಲ್ಲ, ಬಟ್ಟೆಯನ್ನು ಅಂಗಡಿಯಲ್ಲಿ ಕಡ ತಂದು ಮದುವೆ ಮಾಡಿದ ತಂದೆ, ಅಂದು ರಾತ್ರಿ ಕೂಡಿದ ಮುಯ್ಯಿಯಿಂದಲೇ ಅಂಗಡಿಯ ಬಾಕಿ ತೀರಿಸುತ್ತಿದ್ದ. ಆಮೇಲೆ ಹತ್ತು ಹದಿನೈದು ವರ್ಷಗಳ ಕಾಲ, ಇತರರ ಮಕ್ಕಳ ಮದುವೆಗಳಲ್ಲಿ ಐದು, ಹತ್ತು ಎಂದು ಅದನ್ನು ಹಿಂದಿರುಗಿಸುತ್ತಿದ್ದ. ಒಮ್ಮೆಲೇ ಹೊರಲಾಗದ ಹೊರೆಯನ್ನು ಇಡೀ ಊರು ಹಂಚಿಕೊಂಡು ಹೊರುವ ಉಪಾಯವದು. ಬೇಸಾಯದಲ್ಲಿಯೂ ಇದೇ ಮಾತಿದೆ. ಇಂದು ನಿಮ್ಮ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀವು ಬನ್ನಿ. ಹೀಗೆ ಬರುವವರನ್ನು ನಮ್ಮ ರೈತರು ಮುಯ್ಯಾಳು ಎನ್ನುತ್ತಾರೆ. ಕೂಲಿ ಕೊಡಲು ಕಾಸಿಲ್ಲದವನ ಗದ್ದೆಯೂ ನಾಟಿಯಾಗಬೇಕು, ಕೂಡಿಟ್ಟ ಹಣವಿಲ್ಲದವನ ಮಗಳಿಗೂ ಮದುವೆಯಾಗಬೇಕು. ಎರಡಕ್ಕೂ ನಮ್ಮ ಜನ ಒಂದೇ ಪದವನ್ನು ಬಳಸಿದರು.

ಇದು ನಮ್ಮದೊಂದೇ ಸೀಮೆಯ ಪದ್ಧತಿಯಲ್ಲ. ನೆರೆಯ ತಮಿಳುನಾಡಿನಲ್ಲಿ ಇದಕ್ಕೆ ಮೊಯ್ ಎನ್ನುತ್ತಾರೆ. ಪುದುಕ್ಕೋಟ್ಟೈ, ತಂಜಾವೂರು ಜಿಲ್ಲೆಗಳ ಕೆಲವು ಭಾಗಗಳಲ್ಲಿ ಮದುವೆಯಿಲ್ಲದಿದ್ದರೂ ಮುಯ್ಯಿಗಾಗಿಯೇ ಔತಣ ಏರ್ಪಡಿಸುತ್ತಾರೆ. ಮಾರ್ಸೆಲ್ ಮೋಸ್ ಎಂಬ ಫ್ರೆಂಚ್ ವಿದ್ವಾಂಸರು 1925ರಲ್ಲಿ ಉಡುಗೊರೆಯ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ಜಗತ್ತಿನ ಅನೇಕ ಸಮಾಜಗಳಲ್ಲಿ ಉಡುಗೊರೆಯ ಹಿಂದೆ ಮೂರು ಕಟ್ಟುಪಾಡುಗಳಿರುತ್ತವೆ ಎಂಬುದು ಅವರ ವಾದ: ಕೊಡಲೇಬೇಕು, ಕೊಟ್ಟದ್ದನ್ನು ಸ್ವೀಕರಿಸಲೇಬೇಕು, ಸ್ವೀಕರಿಸಿದ್ದನ್ನು ಹಿಂದಿರುಗಿಸಲೇಬೇಕು. ನಮ್ಮ ಅಜ್ಜಿಯರು ಇದನ್ನು ಓದದೆಯೇ ತಿಳಿದಿದ್ದರು.

ಹಾಗಾದರೆ ತೊಡಕು ಎಲ್ಲಿದೆ? ಆ ಪದದಲ್ಲಿಯೇ ಇದೆ. ಕನ್ನಡದಲ್ಲಿ ಮುಯ್ಯಿ ಎಂದರೆ ಮದುವೆಯ ಉಡುಗೊರೆಯೂ ಹೌದು, ಸೇಡೂ ಹೌದು. 'ಮುಯ್ಯಿಗೆ ಮುಯ್ಯಿ' ಎಂದಾಗ ಯಾರಿಗೂ ಮದುವೆಯ ಚಪ್ಪರ ನೆನಪಾಗುವುದಿಲ್ಲ. ಸಂತ ಪೌಲರು ರೋಮನರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ, ಮುಯ್ಯಿ ತೀರಿಸುವ ಕೆಲಸವನ್ನು ದೇವರಿಗೆ ಬಿಡಿರೆಂದು ಬುದ್ಧಿ ಹೇಳುವಾಗ ಅವರ ಮನಸ್ಸಿನಲ್ಲಿದ್ದದ್ದು ಸೇಡು. ಪಡೆದದ್ದನ್ನು ಅಳತೆ ತಪ್ಪದಂತೆ ಹಿಂದಿರುಗಿಸುವುದು ಎರಡರಲ್ಲಿಯೂ ಇರುವ ಗುಣ. ಅಳತೆಯ ಜೊತೆ ಪ್ರೀತಿ ಇರುವಷ್ಟು ಕಾಲ ಅದು ಉಡುಗೊರೆ. ಪ್ರೀತಿ ಬತ್ತಿ ಅಳತೆಯೊಂದೇ ಉಳಿದಾಗ, ಲಕೋಟೆಯಲ್ಲಿ ಹಣವಿದ್ದರೂ ಅದು ಸೇಡಿನ ಹತ್ತಿರದ ನೆಂಟ. "ಅವರು ನಮ್ಮ ಮಗನ ಮದುವೆಗೆ ಐನೂರು ಹಾಕಿದರಲ್ಲ, ನಾವೂ ಐನೂರೊಂದು ಹಾಕೋಣ, ಒಂದು ರೂಪಾಯಿಯಾದರೂ ಮೇಲಿರಲಿ" ಎಂದು ಹಲ್ಲು ಕಚ್ಚಿ ಹೇಳಿದ ಮಾತನ್ನು ನಾನು ಕೇಳಿದ್ದೇನೆ. ನೂರರ ಮೇಲಿನ ಆ ಒಂದು ರೂಪಾಯಿ ಸಂಬಂಧ ಅಲ್ಲಿಗೇ ಮುಗಿಯದೆ ಮುಂದುವರಿಯಲೆಂಬ ಹಾರೈಕೆಯ ನಾಣ್ಯ. ಅದೇ ಪೈಪೋಟಿಯ ನಾಣ್ಯವಾದರೆ ಎಂತಹ ದುಃಖ!

ನಗರದಲ್ಲಿ ಇನ್ನೊಂದು ಲೆಕ್ಕ ಹುಟ್ಟಿಕೊಂಡಿದೆ. ಕಲ್ಯಾಣಮಂಟಪದ ಊಟ ತಲೆಗೆ ಇಷ್ಟಾಗುತ್ತದೆ, ನಾವು ನಾಲ್ವರು ಹೋಗುತ್ತೇವೆ, ಆದ್ದರಿಂದ ಕನಿಷ್ಠ ಇಷ್ಟಾದರೂ ಹಾಕಬೇಕು. ಇದು ಮುಯ್ಯಿಯೂ ಅಲ್ಲ, ಹೋಟೆಲಿನ ಬಿಲ್ಲು. ಅತಿಥಿಯಾಗಿ ಹೋದವರು ಗಿರಾಕಿಯಾಗಿ ಮರಳುತ್ತೇವೆ.

ಈ ಲೆಕ್ಕ ಎಷ್ಟು ಮೆದುವಾದ ನೆಲದ ಮೇಲೆ ನಿಂತಿದೆ ಎಂಬುದನ್ನು 2020ರ ಮಹಾಮಾರಿ ತೋರಿಸಿಕೊಟ್ಟಿತು. ಆ ವರ್ಷ ಮದುವೆಗೆ 50 ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮವಿತ್ತು. ನಾನು ಬಲ್ಲ ಒಬ್ಬ ತಂದೆ ಇಪ್ಪತ್ತು ವರ್ಷಗಳಿಂದ ಊರೂರು ಅಲೆದು ಮುಯ್ಯಿ ಹಾಕಿದವರು. ತಮ್ಮ ಮಗಳ ಮದುವೆಯ ದಿನ ಅದೆಲ್ಲ ಹಿಂದಿರುಗುತ್ತದೆಂಬ ಭರವಸೆಯಿಂದ ಕೈಗಡ ಮಾಡಿದ್ದರು. ದೇವಾಲಯದ ಖಾಲಿ ಬೆಂಚುಗಳ ನಡುವೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಆ ಮದುವೆ ನಡೆಯಿತು. ಬರಬೇಕಾಗಿದ್ದವರು ಬರಲಿಲ್ಲ, ಬರಬೇಕಾಗಿದ್ದದ್ದೂ ಬರಲಿಲ್ಲ. ಪೂಜೆಯ ನಂತರ ಅವರು ನನಗೆ ಹೇಳಿದರು: "ಕೊಡಬೇಕಾದವರ ಹೆಸರೆಲ್ಲ ಪುಸ್ತಕದಲ್ಲಿದೆ ಸ್ವಾಮಿ. ಆದರೆ ಹೋಗಿ ಕೇಳುವ ಹಾಗಿಲ್ಲವಲ್ಲ!" ಹೌದು, ಕೇಳುವ ಹಾಗಿಲ್ಲ. ಕೇಳಿದ ಕೂಡಲೇ ಉಡುಗೊರೆ ಸಾಲವೆಂದು ಬಯಲಾಗುತ್ತದೆ. ಅಂತಹ ಲೆಕ್ಕ ನಮ್ಮದು.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

1984ರಲ್ಲಿ ನನ್ನ ಅಕ್ಕನ ಮದುವೆಯಾಯಿತು. ನನಗೆ ಹದಿಮೂರು ವರ್ಷ. ನಮ್ಮದು ಮಂಡ್ಯ ಸೀಮೆಯ, ಕಾವೇರಿ ನಾಲೆಯ ನೀರುಣ್ಣುವ ಹಳ್ಳಿ. ನನ್ನ ಅಕ್ಷರ ದುಂಡಗಿವೆ ಎಂಬ ಕಾರಣಕ್ಕೆ ಮುಯ್ಯಿ ಪುಸ್ತಕ ಬರೆಯುವ ಜವಾಬ್ದಾರಿಯನ್ನು ನನಗೆ ವಹಿಸಿದರು. ಪಕ್ಕದಲ್ಲಿ ಚಿಕ್ಕಪ್ಪ ಮೈಕು ಹಿಡಿದು, "ಇಂಥವರಿಂದ ಹನ್ನೊಂದು ರೂಪಾಯಿ, ಇಂಥವರಿಂದ ಇಪ್ಪತ್ತೊಂದು ರೂಪಾಯಿ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಆಲೆಮನೆಯ ಯಜಮಾನರು ನೂರೊಂದು ರೂಪಾಯಿ ಬರೆಸಿದಾಗ ಚಪ್ಪರದಲ್ಲಿ ಚಪ್ಪಾಳೆಯಾಯಿತು. ನಾನು ಆ ಅಂಕಿಯನ್ನು ಉಳಿದವಕ್ಕಿಂತ ಸ್ವಲ್ಪ ದಪ್ಪನಾಗಿಯೇ ಬರೆದೆ.

ಆಮೇಲೆ ನಮ್ಮ ಗದ್ದೆಯ ನಾಟಿಗೂ ಕಳೆಗೂ ಬರುತ್ತಿದ್ದ ಒಬ್ಬ ವಿಧವೆ ಮೇಜಿನ ಮುಂದೆ ಬಂದು ನಿಂತರು. ಸೆರಗಿನ ತುದಿಯ ಗಂಟು ಬಿಚ್ಚಿ, ಮಡಿಸಿದ ಒಂದು ನೋಟನ್ನು ತೆಗೆದು ನೇರ ಮಾಡಿ ಕೊಟ್ಟರು. ಎರಡು ರೂಪಾಯಿಯ ನೋಟು. ನಾನು ಯೋಚಿಸದೆ ಕೇಳಿದೆ: "ಎರಡೇ ರೂಪಾಯಾ?" ನಾನು ಮೆಲ್ಲಗೇ ಕೇಳಿದ್ದೆ. ಆದರೆ ಮೈಕು ಹತ್ತಿರವೇ ಇತ್ತು. ನನ್ನ ಮಾತು ಚಪ್ಪರದ ನಾಲ್ಕೂ ಮೂಲೆಗೆ ಹೋಯಿತು. ಜನ ನಕ್ಕರು. ಕೆಟ್ಟ ನಗೆಯಲ್ಲ, ಹುಡುಗನ ಮಾತಿಗೆ ನಗುವ ನಗೆ. ಆಕೆಗೆ ಅದರಿಂದ ವ್ಯತ್ಯಾಸವೇನಾಗಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಪಂಕ್ತಿಯ ಕಡೆ ಹೋಗದೆ, ಬಂದ ದಾರಿಯಲ್ಲಿಯೇ ಹೊರಟುಹೋದರು.

ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಅಮ್ಮ ನನ್ನನ್ನು ಕೇಳಿದರು: "ಆಕೆ ಉಂಡಳಾ?" ನಾನು ಉತ್ತರಿಸಲಿಲ್ಲ. ಅಮ್ಮ ಒಂದು ಪಾತ್ರೆಗೆ ಅನ್ನ, ಸಾರು, ಇನ್ನೊಂದಕ್ಕೆ ಪಾಯಸ ತುಂಬಿಕೊಂಡು, ಲಾಟೀನನ್ನು ನನ್ನ ಕೈಗೆ ಕೊಟ್ಟು ಆಕೆಯ ಮನೆಗೆ ನಡೆದರು. ದೀಪವಿಲ್ಲದ ಮನೆ. ಹೊಸ್ತಿಲ ಮೇಲೆ ಕುಳಿತು ಅಮ್ಮ ಹೇಳಿದ್ದು ಇಷ್ಟೇ: "ನೀನು ಉಣ್ಣದೆ ನಮ್ಮನೆ ಮದುವೆ ಮುಗಿಯಲಿಲ್ಲ. ಏಳವ್ವ." ನಾನು ಅಳುತ್ತಾ ಆಕೆಯ ಕಾಲು ಮುಟ್ಟಿದೆ. ಆಕೆ ನನ್ನ ತಲೆ ಸವರಿ, "ಬುಡು ಮಗ, ನೀನೇನು ಸುಳ್ಳು ಹೇಳಿದ್ಯ? ಎರಡೇ ಅಲ್ವ?" ಎಂದರು.

ಪ್ರಿಯ ವಾಚಕರೇ, ನಲವತ್ತು ವರ್ಷ ಕಳೆದರೂ ಆ ಮಾತು ನನ್ನ ಕಿವಿಯಲ್ಲಿದೆ.

ಹಿಂದಿರುಗುವ ದಾರಿಯಲ್ಲಿ ಅಮ್ಮ ಬೈಯಲಿಲ್ಲ. ಓದು ಬಾರದ ಅಮ್ಮ ಓದುವ ಮಗನಿಗೆ ಲೆಕ್ಕ ಕೊಟ್ಟರು. "ಹೆಣ್ಣಾಳಿಗೆ ದಿನದ ಕೂಲಿ ಎಷ್ಟು?" "ನಾಲ್ಕು ರೂಪಾಯಿ." "ಎರಡು ರೂಪಾಯಿ ಅಂದರೆ?" "ಅರ್ಧ ದಿನದ ಕೂಲಿ." "ಆಲೆಮನೆಯವರ ನೂರೊಂದು ಅವರ ಎಷ್ಟು ದಿನದ ಸಂಪಾದನೆ?" ಅದು ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲದಿದ್ದರೆ ಯಾರದು ಹೆಚ್ಚು, ಯಾರದು ಕಮ್ಮಿ ಅಂತ ಹೆಂಗೆ ಹೇಳಿದೆ?" ಎಂದರು ಅಮ್ಮ.

ಮುಂದೆ ಗುರುಮಠದಲ್ಲಿ ಮಾರ್ಕನ ಶುಭಸಂದೇಶದ 12ನೆಯ ಅಧ್ಯಾಯವನ್ನು ಓದುವಾಗ ಅಧ್ಯಾಪಕರು ಬಡ ವಿಧವೆಯ ಕಾಣಿಕೆಯನ್ನು ವಿವರಿಸಿದರು. ಆಕೆ ಹಾಕಿದ್ದು ಅಂದಿನ ಅತ್ಯಂತ ಚಿಕ್ಕ ನಾಣ್ಯಗಳಾದ ಎರಡು ಲೆಪ್ಟಗಳನ್ನು. ಎರಡೂ ಸೇರಿದರೆ ದಿನಗೂಲಿಯಾದ ದಿನಾರಿಯ 64ನೆಯ ಒಂದು ಪಾಲು. ಪ್ರಭು ಯೇಸು ಹಣದ ಪೆಟ್ಟಿಗೆಯ ಎದುರು ಕುಳಿತು ನೋಡುತ್ತಿದ್ದರು, ಎಲ್ಲರಿಗಿಂತ ಹೆಚ್ಚು ಹಾಕಿದವಳು ಈಕೆಯೇ ಎಂದು ಶಿಷ್ಯರನ್ನು ಕರೆದು ಹೇಳಿದರು. ಸಹಪಾಠಿಗಳು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ನಾನು ಬರೆಯಲಿಲ್ಲ. ಹಣದ ಮೇಜಿನ ಎದುರು ನಾನೂ ಒಮ್ಮೆ ಕುಳಿತಿದ್ದೆ. ಪ್ರಭು ಕಂಡದ್ದು ನನಗೆ ಕಂಡಿರಲಿಲ್ಲ.

ಇಷ್ಟೆಲ್ಲ ಕಲಿತ ಮೇಲಾದರೂ ನಾನು ಬದಲಾದೆನೇ? ಇಲ್ಲ. ಕೆಲವು ವರ್ಷಗಳ ಹಿಂದೆ, ಒಂದೇ ಶನಿವಾರ ನಮ್ಮ ಧರ್ಮಕೇಂದ್ರದಲ್ಲಿ ಎರಡು ಮದುವೆಗಳಿದ್ದವು. ಬೆಳಿಗ್ಗೆ ಅನುಕೂಲಸ್ಥ ಗುತ್ತಿಗೆದಾರರೊಬ್ಬರ ಮಗನದು, ಮಧ್ಯಾಹ್ನ ನಮ್ಮ ದೇವಾಲಯದ ಅಂಗಳ ಗುಡಿಸುವ ಸಹೋದರನ ಹಿರಿಯ ಮಗಳದು. ಗುರುಗಳ ಕೈಯಲ್ಲಿ ಹೆಚ್ಚು ಹಣವಿರುವುದಿಲ್ಲವೆಂದು ನಿಮಗೆ ಗೊತ್ತು. ಧರ್ಮಕ್ಷೇತ್ರದ ಮಾಸಿಕ ಭತ್ಯೆ, ಪೂಜೆಯ ಕಾಣಿಕೆ, ಅಷ್ಟೇ. ಹಿಂದಿನ ರಾತ್ರಿ ಎರಡು ಲಕೋಟೆ ಸಿದ್ಧಪಡಿಸಿದೆ. ಗುತ್ತಿಗೆದಾರರಿಗೆ ಸಾವಿರದ ಒಂದು, ಅಂಗಳ ಗುಡಿಸುವವರಿಗೆ ಇನ್ನೂರ ಒಂದು. ಯಾರೂ ಹೇಳಿಕೊಡಲಿಲ್ಲ, ಕೈ ತಾನೇ ಎಣಿಸಿತು. 'ಅವರವರ ಅಂತಸ್ತಿಗೆ ತಕ್ಕಂತೆ' ಎಂದು ಮನಸ್ಸು ಸಮಾಧಾನ ಹೇಳಿತು.

ಬೆಳಿಗ್ಗೆ ನನ್ನ ಸಾವಿರದ ಒಂದು, ನೂರಾರು ಲಕೋಟೆಗಳು ತುಂಬಿದ್ದ ಅಲಂಕೃತ ಪೆಟ್ಟಿಗೆಯೊಳಗೆ ಬಿದ್ದು ಕಾಣೆಯಾಯಿತು. ಮಧ್ಯಾಹ್ನ ನಾನು ಇನ್ನೊಂದು ಚಪ್ಪರಕ್ಕೆ ಹೋದಾಗ ಮದುಮಗಳ ತಂದೆ ಹಿಂಬದಿಯಲ್ಲಿ ಅಡುಗೆಯವರ ಮುಂದೆ ಕೈಮುಗಿದು ನಿಂತಿದ್ದರು. ಅವರ ಕೂಲಿಗೆ ಎಂಟುನೂರು ರೂಪಾಯಿ ಕಡಿಮೆ ಬಿದ್ದಿತ್ತು. ಸಾವಿರದ ಒಂದರಲ್ಲಿ ಇನ್ನೂರ ಒಂದನ್ನು ಕಳೆದರೆ ಉಳಿಯುವುದೂ ಅಷ್ಟೇ.

ನೀರು ತಗ್ಗಿಗೆ ಹರಿಯುತ್ತದೆ, ಮುಯ್ಯಿ ಮಾತ್ರ ಏರಿಗೆ ಹರಿಯುತ್ತದೆ. ನಾವೆಲ್ಲರೂ ಹೀಗೆಯೇ ಮಾಡುತ್ತೇವೆ. ಉಳ್ಳವರ ಮದುವೆಗೆ ಸಾಲ ಮಾಡಿಯಾದರೂ ದೊಡ್ಡ ಮೊತ್ತ, ಇಲ್ಲದವರ ಮದುವೆಗೆ 'ಅವರಿಗೆ ಇಷ್ಟು ಸಾಕು.' ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ, ಫರಿಸಾಯರ ಮುಖಂಡನೊಬ್ಬನ ಮನೆಯ ಊಟದಲ್ಲಿ ಕುಳಿತು ಯೇಸುಸ್ವಾಮಿ ಹೇಳಿದ್ದು ಇದಕ್ಕೆ ತದ್ವಿರುದ್ಧ. ಮರಳಿ ಕರೆಯಬಲ್ಲ ನೆಂಟರನ್ನೂ ಸಿರಿವಂತರನ್ನೂ ಅಲ್ಲ, ಮರಳಿ ಕೊಡಲಾಗದ ಬಡವರನ್ನು ಕರೆಯಬೇಕೆಂದು ಅವರು ಆತಿಥೇಯನಿಗೇ ತಿಳಿಸಿದರು. ಪ್ರತಿಫಲ ಬಾರದ ಕಡೆ ಕೊಟ್ಟದ್ದು ಮಾತ್ರ ಕೊಟ್ಟದ್ದು, ಉಳಿದದ್ದೆಲ್ಲ ಬದಲಾವಣೆ ಮಾಡಿಕೊಂಡದ್ದು.

ಸರಿ, ಇನ್ನು ಮುಂದೆ ತಿರುವುಮುರುವು ಮಾಡುತ್ತೇನೆಂದು ನಿಶ್ಚಯಿಸಿದೆ. ಎರಡು ವರ್ಷದ ನಂತರ ಅದೇ ಸಹೋದರನ ಕಿರಿಯ ಮಗಳ ಮದುವೆ ಬಂದಿತು. ಐದು ಸಾವಿರ ರೂಪಾಯಿಯನ್ನು ಲಕೋಟೆಗೆ ಹಾಕಿ, ವೇದಿಕೆ ಹತ್ತಿ, ಎಲ್ಲರೆದುರು ಮದುಮಗಳ ಕೈಗೆ ಕೊಟ್ಟು ಬಂದೆ. ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಮರುದಿನ ಬೆಳಿಗ್ಗೆ ಆತ ಪೊರಕೆಯನ್ನು ಗೋಡೆಗೆ ಒರಗಿಸಿ, ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಅದೇ ಲಕೋಟೆಯನ್ನು ಮುಂದೆ ಚಾಚಿದರು.

"ಇದು ಹೆಚ್ಚಾಯಿತು ಸ್ವಾಮಿ. ಬೇರೆಯವರಾದರೆ ಅವರ ಮನೆ ಮದುವೆಯಲ್ಲಿ ತೀರಿಸಬಹುದು. ನಿಮ್ಮ ಮನೆಯಲ್ಲಿ ಮದುವೆಯೇ ಆಗುವುದಿಲ್ಲವಲ್ಲ! ನಾನು ಯಾವತ್ತು ತೀರಿಸಲಿ?"

ನಗು ಬಂದಿತು, ಆದರೆ ನಗಲಾಗಲಿಲ್ಲ. ಉಳ್ಳವರಿಗೆ ಹೆಚ್ಚು ಕೊಟ್ಟು ನಾನು ಬಡವನನ್ನು ಮರೆತಿದ್ದೆ. ಬಡವನಿಗೆ ಹೆಚ್ಚು ಕೊಟ್ಟು ಅವನ ತಲೆ ತಗ್ಗಿಸಿದ್ದೆ. ಎರಡೂ ಸಲ ನಾನು ಯೋಚಿಸಿದ್ದು ಮೊತ್ತವನ್ನು. ಪಡೆಯುವವನ ಮುಖವನ್ನು ನೋಡಿರಲಿಲ್ಲ.

ಆಗ ಮತ್ತೆ ನೆನಪಾದದ್ದು ನನ್ನ ಅಮ್ಮ. 1987ರಲ್ಲಿ ಆ ವಿಧವೆಯ ಮಗಳ ಮದುವೆ ಬಂದಾಗ ಅಪ್ಪ ಪುಸ್ತಕ ತೆಗೆದು ನೋಡಿ, "ಎರಡು ರೂಪಾಯಿ ಇದೆ, ಐದು ಬರೆಸಿದರಾಯಿತು" ಎಂದರು. ಅಪ್ಪ ಜಿಪುಣರಲ್ಲ, ಪುಸ್ತಕ ಹಾಗೆ ಹೇಳುತ್ತಿತ್ತು. ಮದುವೆಯ ದಿನ ಅಮ್ಮ ಮೇಜಿನ ಮುಂದೆ ನಿಂತು ಐದು ರೂಪಾಯಿಯನ್ನೇ ಬರೆಸಿದರು. ಆದರೆ ಅದಕ್ಕೆ ಒಂದು ವಾರ ಮೊದಲು, ಸಂಜೆ ಕತ್ತಲಾದ ಮೇಲೆ, ಒಂದು ಚೀಲ ಭತ್ತ ಆಕೆಯ ಹಿತ್ತಲ ಬಾಗಿಲಿಗೆ ಹೋಗಿತ್ತು. ಹೊತ್ತುಕೊಂಡು ಹೋದವನು ನಾನೇ. "ಇದನ್ನು ಹೇಗೆ ತೀರಿಸಲಿ?" ಎಂದು ಆಕೆಯೂ ಕೇಳಿದ್ದರು. "ನಿನ್ನ ಕೈಯ ಹುಣಸೆ ತೊಕ್ಕು ನಮ್ಮನೆಯಲ್ಲಿ ಯಾರಿಗೂ ಬರುವುದಿಲ್ಲ. ವರ್ಷಕ್ಕೊಂದು ಭರಣಿ ಮಾಡಿಕೊಡು" ಎಂದಿದ್ದರು ಅಮ್ಮ. ಪ್ರತಿ ಬೇಸಿಗೆಯಲ್ಲಿ ತೊಕ್ಕು ಬರುತ್ತಿತ್ತು. ಅದು ಬಂದ ದಿನ ಅಮ್ಮ ಬೇರೆ ಪಲ್ಯವನ್ನೇ ಮಾಡುತ್ತಿರಲಿಲ್ಲ.

ಕಾನಾ ಊರಿನ ಮದುವೆಯನ್ನು ನಾವು ಪ್ರತಿ ವಿವಾಹ ಪ್ರಬೋಧನೆಯಲ್ಲಿಯೂ ನೆನೆಯುತ್ತೇವೆ. ಆ ಮದುವೆಗೆ ಪ್ರಭು ಕೊಟ್ಟ ಉಡುಗೊರೆ ಚಿಕ್ಕದಲ್ಲ. ಆರು ಕಲ್ಲಿನ ಬಾನೆಗಳು, ಒಂದೊಂದರಲ್ಲಿ ಸುಮಾರು 80ರಿಂದ 120 ಲೀಟರ್ ಹಿಡಿಸುತ್ತಿತ್ತೆಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಆದರೆ ಅದನ್ನು ಯಾರೂ ಮೈಕಿನಲ್ಲಿ ಕೂಗಲಿಲ್ಲ. ಔತಣದ ಮೇಲ್ವಿಚಾರಕನಿಗೂ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಮದುಮಗನಿಗೆ ಹೊಗಳಿಕೆ ಸಿಕ್ಕಿತು. ನೀರು ತುಂಬಿದ ಸೇವಕರಿಗೆ ಮಾತ್ರ ಗುಟ್ಟು ಗೊತ್ತಿತ್ತು. ಕೊರತೆಯನ್ನು ಮೊದಲು ಗಮನಿಸಿದವರು ಮಾತೆ ಮರಿಯಮ್ಮ. ಎಷ್ಟು ಕೊಡಬೇಕೆಂದು ಅವರು ಕೇಳಲಿಲ್ಲ, ಈ ಮನೆಯಲ್ಲಿ ಏನು ಇಲ್ಲವೆಂದು ನೋಡಿದರು. ಅಮ್ಮನ ಭತ್ತದ ಚೀಲಕ್ಕೂ ಆ ಬಾನೆಗಳಿಗೂ ಇರುವ ಸಂಬಂಧ ನನಗೆ ಅರ್ಥವಾಗಲು ತಡವಾಯಿತು.

ಆ ಸಹೋದರನಿಗೆ ನಾನು ಲಕೋಟೆಯನ್ನು ಮರಳಿಸುತ್ತಾ, "ನಿಮ್ಮ ಹಿತ್ತಲಿನ ನುಗ್ಗೆಕಾಯಿ ಈ ಕಡೆ ಯಾರಲ್ಲಿಯೂ ಇಲ್ಲ. ಕಾಯಿ ಬಿಟ್ಟಾಗ ಗುರುನಿಲಯಕ್ಕೆ ಒಂದು ಕಟ್ಟು ಬರಲಿ" ಎಂದೆ. ಅವರು ಕ್ಷಣಕಾಲ ಯೋಚಿಸಿ, "ಅದಾಗಬಹುದು" ಎಂದರು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ನುಗ್ಗೆಕಾಯಿಗೆ ಬರವಿಲ್ಲ.

ಓಲೆಯ ತಾಯಿಗೆ ನಾನೊಂದು ಉತ್ತರ ಬಾಕಿ ಇಟ್ಟಿದ್ದೆನಲ್ಲ? ಆ ವಾರವೇ ಅವರ ಮನೆಗೆ ಹೋದೆ. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. "ಓಲೆ ಅಡವಿಡಬೇಡಿ ತಾಯಿ. ಮುಯ್ಯಿಯ ಹಿಂದೆ ಮುಯ್ಯಾಳಿನ ಮಾತೂ ಇದೆ. ಮದುವೆ ಮನೆಯಲ್ಲಿ ಹಣವಲ್ಲದೆ ಇನ್ನೇನು ಬೇಕಾಗಿದೆಯೆಂದು ಮೊದಲೇ ಹೋಗಿ ಕೇಳಿ" ಎಂದೆ. ಮದುವೆ ಮುಗಿದ ಮೇಲೆ ಬಂದು ತಿಳಿಸಿದರು. ಮದುಮಗಳಿಗೂ ಅವಳ ತಂಗಿಯರಿಗೂ ಐದು ರವಿಕೆ ಹೊಲಿದುಕೊಟ್ಟು, ಹಿಂದಿನ ದಿನವೇ ಹೋಗಿ ಅಡುಗೆಮನೆಯಲ್ಲಿ ಕೈಜೋಡಿಸಿ, ಲಕೋಟೆಯಲ್ಲಿ ಸಾವಿರದ ಒಂದು ರೂಪಾಯಿ ಇಟ್ಟಿದ್ದರಂತೆ. "ಅಕ್ಕ ಲಕೋಟೆ ತೆರೆದು ಏನು ಅಂದುಕೊಂಡರೋ ಗೊತ್ತಿಲ್ಲ ಸ್ವಾಮಿ. ಓಲೆ ಕಿವಿಯಲ್ಲೇ ಇದೆ" ಎಂದು ನಕ್ಕರು.

ಪ್ರಿಯರೇ, ಎಷ್ಟು ಎಂಬುದಕ್ಕೆ ನನ್ನಲ್ಲಿ ಅಂಕಿಯಿಲ್ಲ. ಆದರೆ ಲಕೋಟೆ ಮುಚ್ಚುವ ಮೊದಲು ಎರಡು ಮುಖಗಳನ್ನು ನೆನೆಯಿರಿ. ಮೊದಲನೆಯದು ನಿಮ್ಮ ಮನೆಯವರದು: ನಾಳೆಯ ಶಾಲಾ ಶುಲ್ಕ, ಔಷಧಿ, ಅಕ್ಕಿಯನ್ನು ಕಿತ್ತುಕೊಳ್ಳುವ ಮುಯ್ಯಿ ಮದುಮಕ್ಕಳಿಗೆ ಆಶೀರ್ವಾದವಾಗಲಾರದು. ಎರಡನೆಯದು ಪಡೆಯುವವರದು: ಉಳ್ಳವರಾದರೆ ನಿಮ್ಮ ಹಾರೈಕೆ ಸಾಕು, ಇಲ್ಲದವರಾದರೆ ಮದುವೆಗೆ ಮೊದಲೇ, ಯಾರೂ ಕಾಣದಂತೆ, ಅವರ ಕೊರತೆಯ ಕಡೆಗೆ ಕೈ ಚಾಚಿರಿ. ಅವರಿಂದಲೂ ಏನನ್ನಾದರೂ ಪಡೆಯಿರಿ, ಕೊಡುವ ಗೌರವ ನಿಮ್ಮೊಬ್ಬರ ಸ್ವತ್ತಲ್ಲ. ಕೈಯಲ್ಲಿ ಏನೂ ಇಲ್ಲದ ತಿಂಗಳು ಕರೆ ಬಂದರೆ ಬರಿಗೈಯಲ್ಲಿಯೇ ಹೋಗಿರಿ. ಮದುವೆ ಮಾಡುವ ಮನೆಯವರಲ್ಲಿಯೂ ನನ್ನದೊಂದು ಬೇಡಿಕೆ: ಮರುದಿನ ಪುಸ್ತಕ ತೆರೆದಾಗ, ಯಾರು ಎಷ್ಟು ಹಾಕಿದರೆಂದು ನೋಡುವ ಮೊದಲು, ಯಾರು ಬರಲಿಲ್ಲ, ಯಾರು ಉಣ್ಣದೆ ಹೋದರು ಎಂದು ನೋಡಿರಿ. ಸಾಧ್ಯವಾದರೆ ಅಂದೇ ಒಂದು ಪಾತ್ರೆಯಲ್ಲಿ ಊಟ ತುಂಬಿಕೊಂಡು ಆ ಮನೆಯ ಕದ ತಟ್ಟಿರಿ.

ನಾನು ಗುರುದೀಕ್ಷೆ ಪಡೆದು ನಮ್ಮೂರಿನಲ್ಲಿ ಪ್ರಥಮ ಬಲಿಪೂಜೆ ಅರ್ಪಿಸಿದ ದಿನ ಜನ ಸಾಲಾಗಿ ಬಂದು ಆಶೀರ್ವಾದ ಪಡೆಯುತ್ತಿದ್ದರು. ಸಾಲಿನ ಕೊನೆಯಲ್ಲಿ ಆ ವಿಧವೆ ಬಂದರು. ಬೆನ್ನು ಬಾಗಿತ್ತು. ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿಯ ನೋಟನ್ನು ನನ್ನ ಕೈಯಲ್ಲಿಟ್ಟು, ಬೊಚ್ಚು ಬಾಯಿ ತುಂಬ ನಗುತ್ತಾ ಹೇಳಿದರು:

"ಇದನ್ನೂ ಬರ್ಕೊ ಮಗ."

ಬರೆದುಕೊಂಡಿದ್ದೇನೆ. ತೀರಿಸಲು ಸಾಧ್ಯವಾಗದ ಮುಯ್ಯಿಗಳ ಪುಸ್ತಕದಲ್ಲಿ ಅದು ಮೊದಲನೆಯದು.